ಮಾರುತಿ ಎಂಜಿನ್ನಿನ ರೇಸ್ ಕಾರು, ಕೊಲ್ಹಾಪುರದ ಲೇಥ್

ಕೊಯಮತ್ತೂರಿನ ಸುಂದರಂ ಕರಿವರ್ಧನ್ 1988ರಲ್ಲಿ ಒಂದು ರೇಸ್ ಕಾರು ಕಟ್ಟಿದರು. ಒಬ್ಬರೇ ಕೂರುವಷ್ಟು ಜಾಗ. ಚಾವಣಿ ಇಲ್ಲ, ಬಾಗಿಲಿಲ್ಲ, ನಾಲ್ಕೂ ಚಕ್ರಗಳು ಮಡ್‌ಗಾರ್ಡಿನ ಹಂಗಿಲ್ಲದೆ ಮೈಯಿಂದ ಹೊರಗೆ ಚಾಚಿಕೊಂಡಿರುತ್ತವೆ. ಚಾಲಕನ ಬೆನ್ನ ಹಿಂದೆ ಕೂತಿದ್ದು ಮಾರುತಿ 800ರ ಎಂಜಿನ್, 796 ಸಿಸಿಯದು. ಊರೂರಿನ ಮೆಕ್ಯಾನಿಕ್ಕಿಗೂ ಪರಿಚಯವಿದ್ದ ಎಂಜಿನ್ ಅದು. ಹಾಗಾಗಿ ವಿದೇಶದಿಂದ ಕಾರು ತರಿಸುವ ತಾಕತ್ತಿಲ್ಲದವರೂ ರೇಸಿಗಿಳಿಯುವಂತಾಯಿತು. ‘ಫಾರ್ಮುಲಾ ಮಾರುತಿ’ ಎಂದೇ ಹೆಸರಾದ ಈ ಬಗೆಯ ಕಾರಿನಲ್ಲಿ ಕೈ ಪಳಗಿಸಿಕೊಂಡವರಲ್ಲಿ ನರೇನ್ ಕಾರ್ತಿಕೇಯನ್ ಒಬ್ಬರು. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ. ಕರಿವರ್ಧನ್ ಮಾತ್ರ ಅದನ್ನು ನೋಡಲಿಲ್ಲ. 1995ರಲ್ಲಿ ಲಘು ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಸುಲಭವಾಗಿ ಸಿಗುವ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸುವ ಈ ಉಪಾಯಕ್ಕೆ ಹಳೆಯ ಬೇರಿದೆ. 1946ರಲ್ಲಿ ಲಂಡನ್ ಸಮೀಪದ ಸರ್ಬಿಟನ್ನಿನಲ್ಲಿ ಗ್ಯಾರೇಜ್ ನಡೆಸುತ್ತಿದ್ದ ಚಾರ್ಲ್ಸ್ ಕೂಪರ್ ಮತ್ತವರ ಮಗ ಜಾನ್, ಎರಡು ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗವನ್ನು ಕತ್ತರಿಸಿ ಒಂದಕ್ಕೊಂದು ಬೆಸೆದು, ಮೋಟಾರ್‌ಸೈಕಲ್ಲಿನ 500 ಸಿಸಿ ಎಂಜಿನ್ನನ್ನು ಚಾಲಕನ ಹಿಂದೆ ಕೂರಿಸಿದರು. ಹಿಂದಿನ ಚಕ್ರಕ್ಕೆ ಚೈನ್ ಎಳೆಯಲು ಅದೇ ಸಲೀಸು ಜಾಗವಾಗಿತ್ತು. ಆದರೆ ತೂಕ ಹಿಂದಕ್ಕೆ ಸರಿದಾಗ ಕಾರು ತಿರುವಿನಲ್ಲಿ ಚುರುಕಾಯಿತು. 1959 ಮತ್ತು 1960ರಲ್ಲಿ ಜಾಕ್ ಬ್ರಾಬಮ್ ಕೂಪರ್ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಎಂಜಿನ್ ಮುಂದಿಟ್ಟವರೆಲ್ಲ ಹಿಂದಕ್ಕೆ ಒಯ್ದರು.

ಫಾರ್ಮುಲಾ ಮಾರುತಿಯಂಥ ಹಳೆಯ ಕಾರೊಂದನ್ನು ಮನೆಯ ಶೆಡ್ಡಿನಲ್ಲಿ ಜೀರ್ಣೋದ್ಧಾರ ಮಾಡುವುದಕ್ಕೆ ಕರ್ನಾಟಕ-ಮಹಾರಾಷ್ಟ್ರ ಗಡಿಭಾಗದಷ್ಟು ಅನುಕೂಲದ ಜಾಗ ಕಡಿಮೆ ಎಂದು ನನ್ನ ಅಭಿಪ್ರಾಯ. ಕೊಲ್ಹಾಪುರದ ಉದ್ಯಮನಗರದ ಲೇಥ್ ಅಂಗಡಿಗಳು, ಶಿರೋಲಿ, ಗೋಕುಳ ಶಿರಗಾಂವ, ಕಾಗಲದ ಫೌಂಡ್ರಿಗಳು ದೇಶದ ವಾಹನ ಕಂಪನಿಗಳಿಗೆ ಎರಕದ ಭಾಗಗಳನ್ನು ಮಾಡಿಕೊಡುತ್ತವೆ. ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳನ್ನು ಸರಿಯಿಡುವ ಜಾಬರ್‌ಗಳು ಸದ್ದು ಕೇಳಿಯೇ ಯಾವ ಬುಶ್ ಸವೆದಿದೆ ಎಂದು ಹೇಳಬಲ್ಲರು. ಕನ್ನಡ, ಮರಾಠಿ ಎರಡೂ ನಡೆಯುವ ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೂ ಇಚಲಕರಂಜಿಗೂ ದಿನದೊಳಗೆ ಹೋಗಿಬರಬಹುದು. ಬೇಕಾದದ್ದನ್ನು ತಾವೇ ಮಾಡಿಕೊಳ್ಳುವ ರೂಢಿ ಇಲ್ಲಿ ಹೊಸದೇನಲ್ಲ; ಬಾಬುರಾವ್ ಪೇಂಟರ್ ಮೊದಲ ಮಹಾಯುದ್ಧದ ಕಾಲದಲ್ಲೇ ಕೊಲ್ಹಾಪುರದಲ್ಲಿ ಸಿನಿಮಾ ಕ್ಯಾಮೆರಾ ತಯಾರಿಸಿದ್ದರು. ರೇಸಿನ ಗೀಳೂ ಇದೆ. ಮೋಹಿತೆ ರೇಸಿಂಗ್ ಅಕಾಡೆಮಿಯ ಕಾರ್ಟ್ ಟ್ರ್ಯಾಕ್ ಕೊಲ್ಹಾಪುರದಲ್ಲಿದೆ. ಬ್ರಿಟಿಷ್ ಎಫ್-3 ಸರಣಿಯಲ್ಲಿ ಓಡಿಸಿದ ಕೃಷ್ಣರಾಜ್ ಮಹಾಡಿಕ್ ಅಲ್ಲಿಯವರು.

ಕಾರು ಶೆಡ್ಡಿಗೆ ಬಂತೆನ್ನಿ. ಎಲ್ಲರ ಕೈ ಮೊದಲು ಎಂಜಿನ್ ಕಡೆಗೇ ಹೋಗುತ್ತದೆ. ಹೋಗಬಾರದು. ಮೊದಲು ನೋಡಬೇಕಾದದ್ದು ಚಾಸಿಸ್.

ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಪಂಜರ ಅದು. ನಾಲ್ಕು ಕಡ್ಡಿಗಳನ್ನು ಚೌಕವಾಗಿ ಜೋಡಿಸಿ ಮೂಲೆ ಒತ್ತಿದರೆ ಓರೆಯಾಗಿ ಕುಸಿಯುತ್ತದೆ. ಅಡ್ಡಲಾಗಿ ಕರ್ಣದ ಕಡ್ಡಿಯೊಂದನ್ನು ಸೇರಿಸಿದರೆ ಎರಡು ತ್ರಿಕೋನಗಳಾಗಿ ಅಲುಗದೆ ನಿಲ್ಲುತ್ತದೆ. ಪಂಜರದ ಬಲವೆಲ್ಲ ಈ ತ್ರಿಕೋನಗಳಲ್ಲಿದೆ. ಪ್ರತಿ ಕೊಳವೆ ಒಂದೋ ಎಳೆತ ತಡೆಯುತ್ತದೆ, ಇಲ್ಲವೇ ಒತ್ತಡ. ಹಾಗಾಗಿ ಒಂದೇ ಒಂದು ಕೊಳವೆ ಸೋತರೂ ಅದರ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ. ಹಿಂದೆ ಯಾರೋ ರೇಡಿಯೇಟರ್ ಕೊಳವೆ ಹಾಯಿಸಲು ಕರ್ಣದ ಕಡ್ಡಿ ಕತ್ತರಿಸಿದ್ದರೆ, ಅಲ್ಲಿಗೆ ಅದನ್ನು ಮತ್ತೆ ಬೆಸೆಯುವವರೆಗೆ ಬೇರೆ ಕೆಲಸವಿಲ್ಲ.

ಕೊಳವೆ ಹೊರಗೆ ಫಳಫಳ ಹೊಳೆಯುತ್ತಾ ಒಳಗಿನಿಂದ ತುಕ್ಕು ತಿಂದಿರಬಹುದು. ಗೋಡೆಯ ದಪ್ಪವನ್ನು ಅಲ್ಟ್ರಾಸಾನಿಕ್ ಮಾಪಕದಿಂದ ಅಳೆಯಬೇಕು. ಇನ್ನೊಂದು ಶತ್ರು ಬಿರುಕು. ಒಂದೇ ಏಟಿಗೆ ಮುರಿಯದ ಉಕ್ಕು, ಸಣ್ಣ ಹೊರೆಯನ್ನು ಲಕ್ಷಾಂತರ ಸಲ ಹೊತ್ತು ದಣಿಯುತ್ತದೆ. ದಣಿವು ಶುರುವಾಗುವುದು ಬಹುತೇಕ ಬೆಸುಗೆಯ ಅಂಚಿನಲ್ಲಿ, ಕಾದು ತಣಿದ ಲೋಹದ ಗುಣ ಬದಲಾದ ಕಡೆ. ಮೂರು ಸಿಲಿಂಡರಿನ ಎಂಜಿನ್ ಇದಕ್ಕೆ ಇಂಬು ಕೊಡುತ್ತದೆ. ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗೊಮ್ಮೆ ಒಂದು ಸಿಲಿಂಡರ್ ಉರಿಯುತ್ತದೆ. ಪಿಸ್ಟನ್‌ಗಳ ಏರಿಳಿತದ ಬಲಗಳು ಒಟ್ಟಾರೆ ಒಂದನ್ನೊಂದು ರದ್ದು ಮಾಡಿಕೊಂಡರೂ, ಒಂದು ತುದಿ ಮೇಲೆದ್ದಾಗ ಇನ್ನೊಂದು ತುದಿ ಕೆಳಗಿಳಿಯುವ ತೂಗಾಟ ಉಳಿದೇ ಉಳಿಯುತ್ತದೆ. ಮನೆಯ ಮಾರುತಿಯಲ್ಲಿ ರಬ್ಬರಿನ ಮೌಂಟಿಂಗ್ ಅದನ್ನು ನುಂಗಿಕೊಳ್ಳುತ್ತದೆ. ರೇಸ್ ಕಾರಿನಲ್ಲಿ ಎಂಜಿನ್ನನ್ನು ಗಟ್ಟಿಯಾಗಿ ಬಿಗಿದಿದ್ದರೆ ತೂಗಾಟವೆಲ್ಲ ಕೊಳವೆಗಳಿಗೆ.

ಬಿರುಕು ಹುಡುಕುವ ವಿಧಾನ ನೋಡಲು ಚೆಂದ. ಬಣ್ಣವನ್ನು ರಾಸಾಯನಿಕ ಹಚ್ಚಿ ತೆಗೆಯಬೇಕು. ಮರಳು ಸಿಡಿಸಿ ತೆಗೆದರೆ ಮೇಲ್ಪದರದ ಲೋಹ ಸವರಿಕೊಂಡು ಬಿರುಕಿನ ಬಾಯಿಯೇ ಮುಚ್ಚಿಹೋಗಬಹುದು. ಆಮೇಲೆ ಕೆಂಪು ದ್ರವ ಸಿಂಪಡಿಸಿ ಹತ್ತಿಪ್ಪತ್ತು ನಿಮಿಷ ಬಿಡುತ್ತಾರೆ. ಕೂದಲಿಗಿಂತ ಸಣ್ಣ ಸೀಳಿನೊಳಗೂ ಅದು ತಾನಾಗಿ ಇಳಿಯುತ್ತದೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ, ಪುಡಿಯು ಒಳಗಿನ ಕೆಂಪನ್ನು ಹೀರಿ ಹೊರಗೆಳೆಯುತ್ತದೆ. ಬಿಳಿಯ ಮೇಲೆ ಕೆಂಪು ಗೆರೆ ನಿಧಾನಕ್ಕೆ ಮೂಡುತ್ತಾ ಹೋದಂತೆ ಬಿರುಕಿನ ಉದ್ದ ಗೊತ್ತಾಗುತ್ತದೆ. ಫೌಂಡ್ರಿಗಳಲ್ಲಿ ಎರಕ ಪರೀಕ್ಷಿಸಲು ಬಳಸುವ ಡೈ ಪೆನಿಟ್ರೆಂಟ್ ಇದೇ. ರಿಪೇರಿಯಾದ ಮೇಲೆ ದಪ್ಪನೆಯ ಪೌಡರ್ ಕೋಟಿಂಗ್ ಮಾಡಿಸಲು ಮನಸ್ಸು ಎಳೆಯುತ್ತದೆ, ಅಂದವೂ ಹೌದು. ಬೇಡ. ತಿಳಿಬಣ್ಣದ ತೆಳು ಪೇಂಟ್ ಹೊಡೆದರೆ ಮುಂದೆ ಬರುವ ಬಿರುಕು ಕಣ್ಣಿಗೆ ಬೀಳುತ್ತದೆ.

ಕಳೆದುಹೋದ ಅಥವಾ ಒಡೆದ ಅಲ್ಯುಮಿನಿಯಂ ಬ್ರ್ಯಾಕೆಟ್ಟೊಂದನ್ನು ಎರಕ ಹೊಯ್ಯಿಸಬೇಕಾದರೆ ಪ್ಯಾಟರ್ನ್ ಮಾಡುವವರ ಬಳಿ ಹೋಗಬೇಕು. ಹಳೆಯ ತುಂಡನ್ನೇ ಮರಳಿನಲ್ಲಿ ಅಚ್ಚೊತ್ತಿ ಕೊಡಿ ಎಂದರೆ ಅವರು ಒಪ್ಪುವುದಿಲ್ಲ. ಕರಗಿದ ಅಲ್ಯುಮಿನಿಯಂ ಗಟ್ಟಿಯಾಗಿ ತಣಿಯುವಾಗ ಶೇ. 1.3ರಷ್ಟು ಕುಗ್ಗುತ್ತದೆ. 200 ಮಿ.ಮೀ. ಉದ್ದದ ತುಂಡು ಎರಡೂವರೆ ಮಿ.ಮೀ. ಗಿಡ್ಡವಾಗಿ ಬಂದರೆ ಬೋಲ್ಟಿನ ತೂತುಗಳು ಕೂಡುವುದೇ ಇಲ್ಲ. ಅದಕ್ಕೆ ಅವರಲ್ಲಿ ಕುಗ್ಗುವಿಕೆಯನ್ನು ಮೊದಲೇ ಸೇರಿಸಿ ಗೆರೆ ಹಾಕಿದ ಬೇರೆಯೇ ಅಳತೆಪಟ್ಟಿ ಇರುತ್ತದೆ, ಅಲ್ಯುಮಿನಿಯಮ್ಮಿಗೊಂದು, ಬೀಡುಕಬ್ಬಿಣಕ್ಕೊಂದು.

ಈಗ ಎಂಜಿನ್. ಮಾರುತಿ 800ರ ಉತ್ಪಾದನೆ 2014ರಲ್ಲಿ ನಿಂತರೂ ಬಿಡಿಭಾಗಗಳಿಗೆ ಬರವಿಲ್ಲ. ಸಿಲಿಂಡರಿನ ವ್ಯಾಸ 68.5 ಮಿ.ಮೀ., ಪಿಸ್ಟನ್ ಚಲಿಸುವ ದೂರ 72 ಮಿ.ಮೀ., ಅಂದರೆ ಒಂದೊಂದಕ್ಕೂ 265 ಸಿಸಿ. ಬಿಸಿಗೆ ಸೊಟ್ಟಗಾದ ಸಿಲಿಂಡರ್ ಹೆಡ್ಡನ್ನು ಮಷಿನ್ನಿಗೆ ಕೊಟ್ಟು ಸಮತಟ್ಟು ಮಾಡಿಸುವುದು ವಾಡಿಕೆ. ಅರ್ಧ ಮಿ.ಮೀ. ಹೆರೆದರೆ ಏನಾಗುತ್ತದೆ? ಮೂಲ ಸಂಕೋಚನ ಅನುಪಾತವನ್ನು 8.7 ಎಂದು ಹಿಡಿದರೆ ದಹನ ಕೋಣೆಯ ಗಾತ್ರ ಸುಮಾರು 34.5 ಸಿಸಿ. ಹೆರೆದದ್ದರಿಂದ ಹೆಚ್ಚೆಂದರೆ 1.8 ಸಿಸಿ ಕಡಿಮೆಯಾಗಿ ಅನುಪಾತ 9.1ರ ಆಸುಪಾಸಿಗೆ ಏರುತ್ತದೆ. ಶಕ್ತಿ ತುಸು ಹೆಚ್ಚುತ್ತದೆ. ಅದರ ಜೊತೆಗೇ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ನನ್ನು ಕುಟ್ಟುವ ಅಪಾಯವೂ.

ಇಲ್ಲಿ ಕೊಲ್ಹಾಪುರದ ಕಬ್ಬು ಕಥೆಯೊಳಕ್ಕೆ ಬರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ; ಅದರಲ್ಲಿ ಒಂದು ಪಾಲು ಕಬ್ಬು ಅರೆಯುವ ಸಕ್ಕರೆ ಕಾರ್ಖಾನೆಗಳದ್ದು. ಎಥೆನಾಲಿನ ಆಕ್ಟೇನ್ ಹೆಚ್ಚು, ಹಾಗಾಗಿ ಕುಟ್ಟುವುದು ತಗ್ಗುತ್ತದೆ. ಆದರೆ ಹಳೆಯ ರಬ್ಬರ್ ಪೈಪುಗಳನ್ನು ಅದು ಉಬ್ಬಿಸಿ ಹಾಳುಮಾಡುತ್ತದೆ, ಗಾಳಿಯ ತೇವ ಹೀರುತ್ತದೆ. ಉರಿಯುವ ಲೆಕ್ಕವೂ ಬೇರೆ. ಒಂದು ಕಿಲೊ ಶುದ್ಧ ಪೆಟ್ರೋಲಿಗೆ 14.7 ಕಿಲೊ ಗಾಳಿ ಬೇಕು, ಎಥೆನಾಲಿಗೆ 9 ಕಿಲೊ ಸಾಕು, ಈ ಮಿಶ್ರಣಕ್ಕೆ ಸುಮಾರು 13.5. ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವಾಗ ಇಂಧನ ಶೇ. 9ರಷ್ಟು ಹೆಚ್ಚು ಬೀಳಬೇಕು. ಹೊಸ ಕಾರಿನಲ್ಲಿ ಇದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ, ಇಂಧನ ಹಾಯುವ ಜೆಟ್ಟಿನ ತೂತನ್ನು ನಾವೇ ದೊಡ್ಡದು ಮಾಡಬೇಕು. 1 ಮಿ.ಮೀ. ಇದ್ದ ತೂತು 1.04 ಆದರೆ ಸಾಕು. ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗ! ಇದನ್ನು ಕಡೆಗಣಿಸಿ ಪೂರ್ಣ ವೇಗದಲ್ಲಿ ಓಡಿಸಿದರೆ ಪಿಸ್ಟನ್ನಿನ ತಲೆ ಕರಗೀತು.

ಎಲ್ಲವೂ ಮೂಲದ್ದೇ ಇರಬೇಕೆಂಬ ಹಟ ಸೀಟ್ ಬೆಲ್ಟಿನ ವಿಷಯದಲ್ಲಿ ಸಲ್ಲದು. ಬಿಸಿಲಿಗೆ ನೈಲಾನ್, ಪಾಲಿಯೆಸ್ಟರ್ ನಾರುಗಳು ಬಲ ಕಳೆದುಕೊಳ್ಳುತ್ತವೆ. ಅಂತಾರಾಷ್ಟ್ರೀಯ ಮೋಟಾರು ಸಂಸ್ಥೆ ಎಫ್‌ಐಎ ರೇಸ್ ಬೆಲ್ಟಿಗೆ ಆಯುಸ್ಸನ್ನೇ ನಿಗದಿ ಮಾಡಿದೆ. ಬ್ರೇಕ್ ಪೈಪು, ಇಂಧನದ ಟ್ಯಾಂಕುಗಳ ಮಾತೂ ಅಷ್ಟೇ. ಉಳಿಸಬೇಕಾದದ್ದು ಚಾಸಿಸ್ಸಿನ ನಂಬರ್ ಪ್ಲೇಟು, ಹಳೆಯ ಫೋಟೊ, ರೇಸಿನ ಕಾಗದಪತ್ರ. ರಸ್ತೆಗಿಳಿಯದ ಈ ಕಾರುಗಳಿಗೆ ಆರ್.ಸಿ. ಬುಕ್ ಇರುವುದಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಕ್ಕೆ ಐವತ್ತು ವರ್ಷ ತುಂಬಿರಬೇಕು. ಮೊಟ್ಟಮೊದಲ ಫಾರ್ಮುಲಾ ಮಾರುತಿಗೂ ಅಷ್ಟಾಗುವುದು 2038ಕ್ಕೆ. ಅಲ್ಲಿಯವರೆಗೆ ಇವುಗಳ ಚರಿತ್ರೆಯನ್ನು ಕಾಪಾಡುವವರು ಇಟ್ಟುಕೊಂಡವರೇ. ಒಂದು ಕಾರು ಗುಜರಿಗೆ ಹೋದರೆ ಕರಿವರ್ಧನ್ ಕೆಲಸದ ಒಂದು ಪುಟವೂ ಅದರೊಂದಿಗೆ ಹೋಯಿತು.

ಜೋಡಣೆ ಮುಗಿದ ಮೇಲೆ ಚಕ್ರಗಳನ್ನು ನೇರ ಮಾಡಲು ದುಬಾರಿ ಯಂತ್ರ ಬೇಡ. ಸಮತಟ್ಟು ನೆಲದಲ್ಲಿ ಕಾರಿನ ಎರಡೂ ಪಕ್ಕ ನೂಲನ್ನು ಸಮಾನಾಂತರವಾಗಿ ಬಿಗಿದು, ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚುಗಳಿಗೆ ಇರುವ ದೂರವನ್ನು ಅಳೆದರೆ ಆಯಿತು. ಆಮೇಲೆ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕದ ಯಂತ್ರ. ಒಂದು ಕಾಲು ಉದ್ದವಾದ ಸ್ಟೂಲಿನಂತೆ, ಒಂದು ಮೂಲೆಯ ಸ್ಪ್ರಿಂಗ್ ಎತ್ತಿದರೆ ಆ ಮೂಲೆಗೂ ಅದರ ಎದುರು ಕರ್ಣದ ಮೂಲೆಗೂ ಭಾರ ಹೆಚ್ಚುತ್ತದೆ, ಉಳಿದೆರಡು ಹಗುರಾಗುತ್ತವೆ. ಎರಡು ಕರ್ಣಗಳ ಮೊತ್ತ ಸಮವಾಗುವವರೆಗೆ ತಿರುಗಿಸುತ್ತಾ ಹೋಗಬೇಕು, ಇಲ್ಲದಿದ್ದರೆ ಕಾರು ಎಡಕ್ಕೊಂದು ರೀತಿ, ಬಲಕ್ಕೊಂದು ರೀತಿ ತಿರುಗುತ್ತದೆ. ಸೀಟಿನಲ್ಲಿ ಚಾಲಕನಷ್ಟೇ ತೂಕದ ಮರಳಿನ ಚೀಲ ಇಟ್ಟಿರಬೇಕು. ನಂತರ ಟೆಂಪೊದಲ್ಲಿ ಹೇರಿ, ಕರಿವರ್ಧನ್ ಹೆಸರನ್ನೇ ಹೊತ್ತ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯಬಹುದು. ಮೊದಲ ಕೆಲವು ಸುತ್ತು ನಿಧಾನ. ಬಳಿಕ ಕಾರನ್ನು ಜಾಕ್ ಮೇಲೆ ಎತ್ತಿ, ಎಂಜಿನ್ ಕೂತ ಜಾಗದ ಬೆಸುಗೆಗಳ ಸುತ್ತ ಟಾರ್ಚ್ ಹಿಡಿದು ನೋಡಿ, ಬೋಲ್ಟುಗಳನ್ನು ಒಂದೊಂದಾಗಿ ಟಾರ್ಕ್ ರೆಂಚಿನಿಂದ ಪರೀಕ್ಷಿಸಿಯೇ ಮತ್ತೆ ಟ್ರ್ಯಾಕಿಗೆ ಬಿಡಬೇಕು.