ಮರಣಬಾವಿಯ ಬೋಲ್ಟು ಬಿಗಿದವರಾರು?

ಜಾತ್ರೆ ಪೇಟೆಯಲ್ಲಿ ಸಂಜೆ ಏಳಾಯಿತೆಂದರೆ ಬೆಂಡು-ಬತ್ತಾಸಿನವರ ಕೂಗನ್ನೂ ಮೀರಿಸಿ ಒಂದು ಸದ್ದು ಏಳುತ್ತದೆ. ಸೈಲೆನ್ಸರ್ ಕಿತ್ತ ಮೋಟಾರ್ ಸೈಕಲ್ಲಿನ ಸದ್ದು. ಟಿಕೆಟ್ ಹರಿದುಕೊಂಡು, ಕಿರುಗುಟ್ಟುವ ಕಬ್ಬಿಣದ ಮೆಟ್ಟಿಲು ಹತ್ತಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಜನ ಕೆಳಗೆ ಬಗ್ಗಿ ನೋಡುತ್ತಾರೆ. ಮರದ ಗೋಡೆಯ ಮೇಲೆ ಆಳು ಅಡ್ಡಡ್ಡ ಸುತ್ತುತ್ತಿರುತ್ತಾನೆ. ಕೈಬಿಟ್ಟು ಓಡಿಸುತ್ತಾನೆ. ಹತ್ತು ರೂಪಾಯಿ ನೋಟು ಚಾಚಿದರೆ ಹಾರಿಸಿಕೊಂಡು ಹೋಗುತ್ತಾನೆ. ಅದೇ ಮರಣಬಾವಿ, ಹಿಂದಿಯವರ ಬಾಯಲ್ಲಿ ಮೌತ್ ಕಾ ಕುವಾ.

ಸವಾರನ ಎದೆಗಾರಿಕೆಯನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಲಿ, ತಪ್ಪಿಲ್ಲ. ಆದರೆ ಅವನನ್ನೂ, ಮೇಲೆ ನಿಂತವರನ್ನೂ ಹಿಡಿದಿಟ್ಟಿರುವುದು ಹಲಗೆ ಮತ್ತು ಬೋಲ್ಟು. ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಇದರ ಲೆಕ್ಕ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಘಾಟಿಯ ತಿರುವಿನಲ್ಲಿ ಡ್ರೈವರು ಜೋರಾಗಿ ತಿರುಗಿಸಿದರೆ ನಿಂತವರು ಹೊರಗಡೆಗೆ ವಾಲಿ ಪಕ್ಕದವರ ಮೈಮೇಲೆ ಬೀಳುತ್ತಾರೆ. ಅದಕ್ಕೇ ರಸ್ತೆ ಮಾಡುವವರು ತಿರುವಿನ ಹೊರ ಅಂಚನ್ನು ಎತ್ತರಿಸಿರುತ್ತಾರೆ. ಇಂಗ್ಲೆಂಡ್, ಅಮೆರಿಕದಲ್ಲಿ ಹವ್ಯಾಸಿಗಳು ಹಲಗೆಯಲ್ಲಿ ಸೀಳು ಕೊರೆದು ಕರೆಂಟಿನ ಪುಟಾಣಿ ಕಾರು ಓಡಿಸುತ್ತಾರೆ. ಅಲ್ಲೂ ತಿರುವಿನ ಹಲಗೆಯನ್ನು ಓರೆಯಾಗಿ ಎತ್ತಿದರೆ ಕಾರು ಸೀಳು ಬಿಟ್ಟು ಹಾರುವುದು ಕಡಿಮೆ. ಆ ಓರೆಯನ್ನೇ ಎತ್ತುತ್ತಾ ಎತ್ತುತ್ತಾ ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರೆ ಅದೇ ಮರಣಬಾವಿ! ಬುಡದಲ್ಲಿ ಮಾತ್ರ ಸುತ್ತಲೂ ಓರೆ ಹಲಗೆ ಇಟ್ಟಿರುತ್ತಾರೆ. ಸವಾರ ನೆಲದಲ್ಲಿ ಸುತ್ತಿ, ಓರೆಗೆ ಏರಿ, ವೇಗ ಕೂಡಿದ ಮೇಲೆ ಗೋಡೆ ಹಿಡಿಯುತ್ತಾನೆ.

ಬಾವಿ 30 ಅಡಿ ಅಗಲ ಇದೆ ಅಂತಿಟ್ಟುಕೊಳ್ಳಿ. ಗಂಟೆಗೆ 25-30 ಕಿಲೋಮೀಟರಿಗಿಂತ ವೇಗ ಇಳಿದರೆ ಚಕ್ರದ ಹಿಡಿತ ಸಾಲದೆ ಗಾಡಿ ಜಾರುತ್ತದೆ. 40ರಲ್ಲಿ ಸುತ್ತಿದರೆ 60 ಕೆ.ಜಿ. ತೂಕದ ಆಳು ಹೆಚ್ಚುಕಡಿಮೆ 180 ಕೆ.ಜಿ. ಭಾರವಾಗಿ ಗೋಡೆಗೆ ಒತ್ತುತ್ತಾನೆ. ಗಾಡಿಯೂ ಅಷ್ಟೇ, ಮೂರು ಪಟ್ಟು. ಮಾರುತಿ 800 ಕಾರನ್ನೂ ಹತ್ತಿಸುತ್ತಾರಲ್ಲ, ಆಗ ಗೋಡೆಯ ಮೇಲಿನ ಒತ್ತಡ ಸುಮಾರು 2 ಟನ್. ಅದೂ ಒಂದು ಸಲದ ಮಾತಲ್ಲ. ಸುತ್ತು ಮುಗಿಯುವುದಕ್ಕೆ ಎರಡೂವರೆ ಸೆಕೆಂಡು ಸಾಕು. ಅಷ್ಟರಲ್ಲಿ ಅದೇ ಹಲಗೆಗೆ ಮತ್ತೆ ಏಟು. ಒಂದು ಆಟದಲ್ಲಿ ಎಷ್ಟು ಏಟು, ಸಂಜೆಯಿಂದ ನಡುರಾತ್ರಿವರೆಗೆ ಎಷ್ಟು ಆಟ, ಅಂಗಡಿ ಲೆಕ್ಕ ಗೊತ್ತಿದ್ದವರು ಹಾಕಿಕೊಳ್ಳಲಿ. ಹೀಗೆ ಅದುರಿದರೆ ನಟ್ಟು ಸಡಿಲವಾಗದೆ ಇರುತ್ತದೆಯೇ?

ಮೇಲಾಗಿ ಇದು ಕಾಯಂ ಕಟ್ಟಡವಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬೆ ಜಾತ್ರೆಯಂಥ ದೊಡ್ಡ ಜಾತ್ರೆಯಿರಲಿ, ಸಣ್ಣ ಊರಿನ ತೇರಿರಲಿ, ಬಿಚ್ಚಿದ ಹಲಗೆ ಲಾರಿಯಲ್ಲಿ ಬರುತ್ತದೆ. ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಹಲಗೆ ಜೋಡಿಸಿ, ಬೋಲ್ಟು ಬಿಗಿಯುತ್ತಾರೆ. ಜಾತ್ರೆ ಮುಗಿದರೆ ಮತ್ತೆ ಬಿಚ್ಚಿ ಲಾರಿಗೆ. ಮಳೆಗೆ ನೆನೆದ ಹಲಗೆ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ನಿನ್ನೆ ಬಿಗಿಯಾಗಿದ್ದದ್ದು ಇವತ್ತು ಅಲುಗಾಡುತ್ತದೆ. ಸ್ಪ್ಯಾನರ್ ಹಿಡಿದು ದಿನಾ ಸುತ್ತು ಹಾಕುವ ಫಿಟ್ಟರೇ ಇಲ್ಲಿ ನಿಜವಾದ ಕಾವಲುಗಾರ. ಅವನಿಗೆ ನೋಟು ಚಾಚುವವರಿಲ್ಲ, ಪಾಪ.

ಈ ಆಟದ ಮೂಲ ಅಮೆರಿಕ. ಜಾಕ್ ಪ್ರಿನ್ಸ್ ಎಂಬಾತ 1910ರಲ್ಲಿ ಲಾಸ್ ಏಂಜಲೀಸ್ ಹತ್ತಿರ ಒಂದು ಮೈಲಿ ಸುತ್ತಳತೆಯ ಹಲಗೆ ಟ್ರ್ಯಾಕು ಕಟ್ಟಿದ್ದ, 20 ಡಿಗ್ರಿ ಓರೆ. ಆಮೇಲೆ ಟ್ರ್ಯಾಕು ಸಣ್ಣದಾಗುತ್ತಾ, ಓರೆ ಕಡಿದಾಗುತ್ತಾ ಹೋಯಿತು. ಮೇಳಗಳಿಗೆ ಬಂದು ಬಾವಿಯೇ ಆಯಿತು. 1912ರ ಸೆಪ್ಟೆಂಬರ್ 8ರಂದು ನ್ಯೂಆರ್ಕಿನ ಹಲಗೆ ಟ್ರ್ಯಾಕಿನಲ್ಲಿ ಎಡ್ಡಿ ಹಾಶಾ ಎಂಬ ಸವಾರನ ಗಾಡಿ ಕೈತಪ್ಪಿ ಮೇಲಿನ ಕಟಕಟೆಗೆ ನುಗ್ಗಿತು. ಅವನೊಬ್ಬನೇ ಸಾಯಲಿಲ್ಲ. ಕಟಕಟೆಯಿಂದ ತಲೆ ಚಾಚಿ ನೋಡುತ್ತಿದ್ದ ಹುಡುಗರೂ ಸತ್ತರು. ಟಿಕೆಟ್ ಕೊಂಡು ಬಂದವರು!

ನಮ್ಮ ಜಾತ್ರೆಯಲ್ಲಿ ನೋಟು ಚಾಚುವವರೂ ಹೀಗೇ ಬಗ್ಗುತ್ತಾರೆ.

ಸವಾರನದೂ ಸುಖದ ಬಾಳಲ್ಲ. ಹೆಲ್ಮೆಟ್ ಹಾಕುವವರು ಅಪರೂಪ. ಅವರಿಗೆ ಬೇಕಾದದ್ದು ಹಗುರಾದ, ತಟ್ಟನೆ ಎಳೆಯುವ ಹಳೇ ಗಾಡಿ, ಆರ್‌ಎಕ್ಸ್ 100 ತರದ್ದು. ಅದರ ತಯಾರಿಕೆ 1996ರಲ್ಲೇ ನಿಂತಿತು. ಮೈಸೂರಿನ ಯೆಜ್ಡಿ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಈಗ ಅಂಥ ಹಳೇ ಗಾಡಿಗೆ ಶೋಕಿಲಾಲರು ಕೈತುಂಬಾ ದುಡ್ಡು ಸುರಿಯುತ್ತಾರೆ. ಬಾವಿಯ ಹುಡುಗ ಮಾತ್ರ ಇದ್ದದ್ದನ್ನೇ ತಟ್ಟಿ ಕುಟ್ಟಿ ಓಡಿಸಬೇಕು.

ಆಟ ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲ. ಅದನ್ನು ನಂಬಿದ ಹೊಟ್ಟೆಗಳಿವೆ, ಬಾವಿಯ ಮಗ್ಗುಲಲ್ಲೇ ಚಹಾ ಮಾರುವವರೂ ಇದ್ದಾರೆ. ಆದರೆ ಜಾಗದ ಬಾಡಿಗೆ ಎಣಿಸಿಕೊಳ್ಳುವವರು, ಅನುಮತಿ ಕಾಗದಕ್ಕೆ ಸೀಲು ಒತ್ತುವವರು ಮೊದಲ ಆಟಕ್ಕೆ ಮುಂಚೆ ಒಬ್ಬ ಎಂಜಿನಿಯರನ್ನು ಕರೆದುಕೊಂಡು ಆ ಚೌಕಟ್ಟಿನ ಸುತ್ತ ಒಂದು ಸುತ್ತು ಬರಲಿ. ಅಟ್ಟಣಿಗೆ ಎಷ್ಟು ಜನರನ್ನು ತಡೆಯುತ್ತದೆ ಎಂದು ಬೋರ್ಡು ಬರೆಸಲಿ, ಅಷ್ಟೇ ಟಿಕೆಟ್ ಹರಿಯಲಿ. ಮಳೆ ಬಂದ ಮಾರನೇ ದಿನ ಮತ್ತೊಮ್ಮೆ ಬೋಲ್ಟು ಮುಟ್ಟಿ ನೋಡಲಿ. ಅಲ್ಲಿಯವರೆಗೆ, ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವವರು ಕಟಕಟೆಯಿಂದ ಒಂದು ಮೊಳ ಹಿಂದೆಯೇ ನಿಂತು ನೋಡುವುದು ಒಳ್ಳೆಯದು.