ಬೆನ್ನಿಗೆ ಸೂಜಿ, ಆಮೇಲಿನ ಹತ್ತು ನಿಮಿಷ

ತಮಿಳುನಾಡಿನಲ್ಲಿ ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ 45 ಸಿಸೇರಿಯನ್ ಆಗಿಯೇ ಹುಟ್ಟುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಟ್ಟ ಲೆಕ್ಕ ಶೇ 44.9, ಕರ್ನಾಟಕದ್ದು 31.5, ದೇಶದ್ದು 21.5. ಸಿಸೇರಿಯನ್ ಆಗುವ ಬಹುಪಾಲು ತಾಯಂದಿರಿಗೆ ಅರಿವಳಿಕೆ ಬೆನ್ನಿನ ಮೂಲಕ, ಆದರೆ ಅದನ್ನು ಕೊಡುವವರು ಎಲ್ಲ ಕಡೆ ಸಿಗುವುದಿಲ್ಲ. ತಮಿಳುನಾಡಿನ ಥೇಣಿಗೆ 2004ರಲ್ಲಿ, ದಿಂಡಿಗಲ್‌ಗೆ ಅದಾದ ಎಷ್ಟೋ ವರ್ಷಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿವೆ, ನಿಜ. ಆದರೆ ಕಂಬಂ ಕಣಿವೆಯ ತುದಿಯಲ್ಲಿರುವ ಗೂಡಲೂರಿನಿಂದಲೋ ಮೇಲಿನ ಏಲಕ್ಕಿ ತೋಟದಿಂದಲೋ ಹೊರಟ ಗರ್ಭಿಣಿಗೆ ಥೇಣಿಯೇ ದೂರ. ಅವಳು ತಲುಪುವ ಆಸ್ಪತ್ರೆಯಲ್ಲಿ ಕತ್ತರಿ ಹಿಡಿಯುವವರಿದ್ದೂ ಅರಿವಳಿಕೆ ವೈದ್ಯರಿಲ್ಲದಿದ್ದರೆ ಮತ್ತೆ 108 ಆಂಬುಲೆನ್ಸ್ ಹತ್ತಬೇಕು. ಇಷ್ಟಾದರೂ ‘ಒಂದು ಇಂಜೆಕ್ಷನ್ ತಾನೆ, ಯಾರು ಕೊಟ್ಟರೇನು’ ಎಂಬ ಮಾತು ಓದಿದವರ ಬಾಯಲ್ಲೂ ಇದೆ. ಆ ಮಾತು ಅರ್ಧ ನಿಜ, ಅಪಾಯವಿರುವುದು ಉಳಿದರ್ಧದಲ್ಲಿ.

ಮೊದಲು ಆ ಇಂಜೆಕ್ಷನ್ನನ್ನೇ ನೋಡೋಣ. ಥಿಯೇಟರಿನಲ್ಲಿ ‘ಹೆವಿ’ ಎಂದೇ ಕರೆಸಿಕೊಳ್ಳುವ 4 ಎಂಎಲ್ ಆಂಪೂಲಿನ ಪ್ರತಿ ಎಂಎಲ್‌ನಲ್ಲಿ 5 ಮಿ.ಗ್ರಾಂ ಬುಪಿವಕೇನ್, ಅದರ ಜೊತೆ 80 ಮಿ.ಗ್ರಾಂ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ. ನೋವಿಗೂ ಸಕ್ಕರೆಗೂ ಸಂಬಂಧವಿಲ್ಲ. ಅದನ್ನು ಬೆರೆಸಿರುವುದು ತೂಕಕ್ಕೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕಿಂತ ಔಷಧ ಭಾರವಾದರೆ ಅದು ಇಳಿಜಾರು ಹುಡುಕಿಕೊಂಡು ಹರಿಯುತ್ತದೆ. ಅಂಗಾತ ಮಲಗಿದಾಗ ಸೊಂಟದ ಬೆನ್ನೆಲುಬು ಮೇಲಕ್ಕೆ ಬಾಗಿರುತ್ತದೆ, ಭುಜಗಳ ನಡುವಿನದು ಕೆಳಗೆ ತಗ್ಗಾಗಿರುತ್ತದೆ. ಸೊಂಟದಲ್ಲಿ ಹಾಕಿದ್ದು ಜಾರಿ ಎದೆಯ ಮಟ್ಟದ ಆ ತಗ್ಗಿನಲ್ಲಿ ನಿಲ್ಲುತ್ತದೆ. ಸಿಸೇರಿಯನ್ನಿಗೆ ಮರಗಟ್ಟಬೇಕಾದದ್ದೂ ಹೆಚ್ಚುಕಡಿಮೆ ಅಲ್ಲಿಯವರೆಗೇ. 1898ರಲ್ಲಿ ಜರ್ಮನಿಯ ಆಗಸ್ಟ್ ಬೀರ್ ತನ್ನ ಸಹಾಯಕನ ಬೆನ್ನಿಗೆ ಕೊಕೇನ್ ಹಾಕಿ ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ಬಡಿದು ನೋಡಿದ ಕತೆ ಎಲ್ಲರಿಗೂ ಪ್ರಿಯ. ನನಗೆ ಅದಕ್ಕಿಂತ ಮೆಚ್ಚುಗೆಯಾಗುವವನು ಲಂಡನ್ನಿನ ಆರ್ಥರ್ ಬಾರ್ಕರ್. 1907ರ ಹೊತ್ತಿಗೆ ಅವನು ಬೆನ್ನೆಲುಬಿನ ಬಾಗುಗಳಂತೆಯೇ ಗಾಜಿನ ಕೊಳವೆ ಮಾಡಿಸಿ, ಗ್ಲೂಕೋಸ್ ಬೆರೆಸಿದ ಔಷಧ ಎಲ್ಲಿ ಹೋಗಿ ನಿಲ್ಲುತ್ತದೆಂದು ಕಣ್ಣಾರೆ ನೋಡಿದ. ಸುತ್ತಿಗೆಗಿಂತ ಗಾಜು ಹೆಚ್ಚು ಕಲಿಸಿತು ಎಂಬುದು ನನ್ನ ಪಕ್ಷಪಾತ.

ಆದರೆ ಗಾಜಿನ ಕೊಳವೆಗೆ ರಕ್ತದೊತ್ತಡವಿಲ್ಲ. ನೋವಿನ ನರಗಳ ಜೊತೆ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳೂ ಮಂಕಾಗುತ್ತವೆ, ನಾಳಗಳು ಸಡಿಲವಾಗುತ್ತವೆ. ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿದರಂತೂ ಬಿಪಿ ದಿಢೀರನೆ ಕುಸಿದು ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಅದಕ್ಕೇ ತಾಯಿಯನ್ನು ಎಡಕ್ಕೆ ಸ್ವಲ್ಪ ವಾಲಿಸುವುದು, ಫಿನೈಲ್‌ಎಫ್ರಿನ್ ಅಥವಾ ಮೆಫೆಂಟರ್ಮಿನ್ ಸಿರಿಂಜಿನಲ್ಲಿ ಸಿದ್ಧವಾಗಿಡುವುದು. ಬಿಪಿ ಕುಸಿತದ ಮೊದಲ ಸೂಚನೆ ಎಷ್ಟೋ ಸಲ ಯಂತ್ರಕ್ಕಿಂತ ಮುಂಚೆ ತಾಯಿಯ ಬಾಯಿಂದ ಬರುತ್ತದೆ: ಹೊಟ್ಟೆ ತೊಳಸುತ್ತಿದೆ ಅನ್ನುತ್ತಾಳೆ. ಉಸಿರು ಕಟ್ಟಿದ ಹಾಗಿದೆ, ಕೈಗೆ ಶಕ್ತಿಯಿಲ್ಲ ಎಂದರೆ ಮರಗಟ್ಟುವಿಕೆ ಮೇಲೇರುತ್ತಿದೆ ಎಂದು ಅರ್ಥ. ಅವಳ ಮಾತು ಅರ್ಥವಾಗದೆ ಹೋದೀತೆಂಬ ಚಿಂತೆ ಬೇಡ: ಕಂಬಂ ಕಣಿವೆಯ ಕಾಪ್ಪಿಲಿಯರ್ ಸಮುದಾಯದ ಮನೆಗಳಲ್ಲಿ ಇಂದಿಗೂ ಕನ್ನಡವಿದೆ. ತಮಿಳೂ ಸಲೀಸಾಗಿ ಬರುವುದರಿಂದ ಭಾಷೆ ಅಲ್ಲಿ ಅಡ್ಡಿಯಲ್ಲ. ಕೇಳಿಸಿಕೊಳ್ಳಲು ತಲೆದೆಸೆಯಲ್ಲಿ ಒಬ್ಬರು ನಿಂತಿರಬೇಕು, ಅಷ್ಟೆ. ಅನುಭವವೆಂದರೆ ಸೂಜಿಯ ಗುರಿಗಿಂತ ಹೆಚ್ಚಾಗಿ ಈ ನಿಲ್ಲುವಿಕೆ.

ಹಾಗಾದರೆ ಎಂಬಿಬಿಎಸ್ ವೈದ್ಯರಿಗೆ ಸರ್ಕಾರ ಕೊಡುವ ಕೆಲವೇ ತಿಂಗಳ ಅರಿವಳಿಕೆ ತರಬೇತಿ ದಂಡವೇ? ಖಂಡಿತ ಅಲ್ಲ. ತಜ್ಞರು ಬರಲೊಲ್ಲದ ಊರುಗಳಲ್ಲಿ ಅದು ಬೇಕೇ ಬೇಕು. ಆದರೆ ಬೆನ್ನಿನ ಅರಿವಳಿಕೆ (ಸ್ಪೈನಲ್) ಹಿಡಿಯದಿದ್ದರೆ, ರಕ್ತ ಹೆಪ್ಪುಗಟ್ಟದ ತೊಂದರೆಯಿದ್ದರೆ ಪೂರ್ಣ ಅರಿವಳಿಕೆಗೆ ಹೋಗಬೇಕಾಗುತ್ತದೆ. ಆಗ ಗರ್ಭಿಣಿಯ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವನ್ನು ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 1946ರಲ್ಲೇ 66 ಪ್ರಕರಣಗಳ ಸಮೇತ ಬರೆದಿಟ್ಟಿದ್ದಾನೆ. ಅಂಥ ಗಳಿಗೆಗೆ ಫೋನಿನಲ್ಲಾದರೂ ಹಿರಿಯ ತಜ್ಞರು ಸಿಗಬೇಕು. ಇನ್ನು, ಅರಿವಳಿಕೆ ಸಲೀಸಾದ್ದರಿಂದಲೇ ಸಿಸೇರಿಯನ್ ಹೆಚ್ಚಿತು ಎಂಬ ಆಕ್ಷೇಪ. ಅದರಲ್ಲಿ ಹುರುಳಿದೆ, ಅನಗತ್ಯವಾದವು ಕಡಿಮೆಯಾಗಲೇಬೇಕು. ಆದರೆ ಸಂಖ್ಯೆ ಇಳಿಯುವವರೆಗೆ ಕಾಯಲು ಇವತ್ತು ಟೇಬಲ್ಲಿನ ಮೇಲಿರುವವಳಿಗೆ ಸಾಧ್ಯವಿಲ್ಲ. ಒಬ್ಬರೇ ಅರಿವಳಿಕೆ ವೈದ್ಯರು ಒಂದು ಥಿಯೇಟರಿನಲ್ಲಿ ಸೂಜಿ ಹಾಕಿ ಪಕ್ಕದ್ದಕ್ಕೆ ಓಡುವ ಏರ್ಪಾಡು ಎಲ್ಲಿದೆಯೋ ಅಲ್ಲಿ ಮೊದಲು ಮಂಜೂರಾಗಬೇಕಾದದ್ದು ಹೊಸ ಕಟ್ಟಡಕ್ಕಿಂತ ಎರಡನೆಯ ಹುದ್ದೆ.