ಬರುವ ವರ್ಷ ಈ ಹೊತ್ತಿಗೆ

೧೯೯೬ನೆಯ ಇಸವಿಯ ದಶಂಬರ ೨೯ರ ರಾತ್ರಿ, ಕ್ರಿಸ್ಮಸ್ ಹಬ್ಬ ಕಳೆದು ನಾಲ್ಕು ದಿನಗಳಾಗಿದ್ದಾಗ, ಬ್ರಿಟನ್ನಿನ ಸುಮಾರು ೨ ಕೋಟಿ ೪೩ ಲಕ್ಷ ಜನರು ತಮ್ಮ ತಮ್ಮ ಮನೆಗಳಲ್ಲಿ ಟೆಲಿವಿಷನ್ ಪೆಟ್ಟಿಗೆಯ ಮುಂದೆ ಕುಳಿತಿದ್ದರು. ಆ ದೇಶದ ಅಂದಿನ ಜನಸಂಖ್ಯೆ ಆರು ಕೋಟಿಗೂ ಕಡಿಮೆ; ಐವರಲ್ಲಿ ಇಬ್ಬರು ಒಂದೇ ಹೊತ್ತಿನಲ್ಲಿ ಒಂದೇ ಆಟವನ್ನು ನೋಡುತ್ತಿದ್ದರೆಂದಾಯಿತು. ದಕ್ಷಿಣ ಲಂಡನ್ನಿನ ಪೆಕಮ್ ಎಂಬ ಬಡಪೇಟೆಯ ಇಬ್ಬರು ಅಣ್ಣತಮ್ಮಂದಿರು ಹದಿನೈದು ವರ್ಷಗಳ ಪರದಾಟದ ತರುವಾಯ ಕೊನೆಗೂ ಬದುಕಿಕೊಂಡರೇ ಇಲ್ಲವೇ ಎಂಬುದನ್ನು ತಿಳಿಯುವ ಆತುರ ಅವರದು. ಬ್ರಿಟನ್ನಿನ ಯಾವ ಹಾಸ್ಯ ಧಾರಾವಾಹಿಯ ಯಾವ ಕಂತಿಗೂ ಅಷ್ಟು ಪ್ರೇಕ್ಷಕರು ಅದಕ್ಕೆ ಹಿಂದೆ ಕೂಡಿರಲಿಲ್ಲ, ಅನಂತರವೂ ಕೂಡಲಿಲ್ಲ.

ಆ ಧಾರಾವಾಹಿಯ ಹೆಸರು ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’. ಹೊಟ್ಟೆಪಾಡಿಗಾಗಿ ಮೈಮುರಿದು ದುಡಿಯುವವರು ಮೂರ್ಖರೂ ಕುದುರೆಗಳೂ ಮಾತ್ರ ಎಂಬ ಹಳೆಯ ಗಾದೆಯೊಂದರಿಂದ ಅದನ್ನು ಎತ್ತಿಕೊಂಡಿದ್ದಾರೆ. ಬೆಳಗಿನ ಐದಕ್ಕೆ ಒಲೆ ಹೊತ್ತಿಸುವ, ಅಥವಾ ಎಂಟರ ಲೋಕಲ್ ಹಿಡಿದು ಕಚೇರಿಗೆ ಧಾವಿಸುವ ನಮ್ಮ ವಾಚಕರಿಗೆ ಈ ಗಾದೆ ರುಚಿಸದಿರಬಹುದು. ಆದರೆ ಕಥೆಯನ್ನು ಕೇಳಿದ ಮೇಲೆ ಅದು ಅವರದೇ ಕಥೆಯಂತೆ ತೋರಿದರೆ ನಮಗೆ ಆಶ್ಚರ್ಯವಾಗದು.

ಪೆಕಮ್ಮಿನ ಅಣ್ಣತಮ್ಮಂದಿರು

ಅಣ್ಣನ ಹೆಸರು ಡೆರೆಕ್ ಟ್ರಾಟರ್; ಪೇಟೆಯವರ ಬಾಯಲ್ಲಿ ಡೆಲ್ ಬಾಯ್. ತಮ್ಮನು ರಾಡ್ನಿ. ತಾಯಿ ಎಳೆಯ ಮಗನನ್ನು ಬಿಟ್ಟು ತೀರಿಕೊಂಡಳು. ತಂದೆ ಮನೆ ಬಿಟ್ಟು ಹೋದನು. ಅಣ್ಣನೇ ತಂದೆಯೂ ತಾಯಿಯೂ ಆಗಿ ತಮ್ಮನನ್ನು ಸಾಕಿದನು. ನಗರಸಭೆಯವರು ಬಡವರಿಗಾಗಿ ಕಟ್ಟಿಸಿದ ‘ನೆಲ್ಸನ್ ಮಂಡೇಲಾ ಹೌಸ್’ ಎಂಬ ಗಗನಚುಂಬಿ ಕಟ್ಟಡದಲ್ಲಿ ಅವರ ಬಿಡಾರ. ಡೆಲ್ ಬಾಯ್ ಲೈಸೆನ್ಸಿಲ್ಲದೆ ಸೂಟ್‌ಕೇಸು ತೆರೆದು ಬೀದಿಯಲ್ಲಿ ವ್ಯಾಪಾರ ಮಾಡುವವನು; ಮಾಲು ಎಲ್ಲಿಂದ ಬಂತೆಂದು ಕೇಳುವಂತಿಲ್ಲ. ಮೂರು ಗಾಲಿಯ ಹಳದಿ ವ್ಯಾನು ಅವನ ವಾಹನ. ಅದರ ಮೈಮೇಲೆ ಕಂಪೆನಿಯ ಹೆಸರು, ಅದರ ಕೆಳಗೆ ಶಾಖೆಗಳಿವೆಯೆಂಬಂತೆ ನ್ಯೂಯಾರ್ಕ್, ಪ್ಯಾರಿಸ್, ಪೆಕಮ್! ಎರಡೇ ವಿಷಯಗಳಲ್ಲಿ ಪರೀಕ್ಷೆ ಪಾಸಾದ ತಮ್ಮನು ಈ ಸಂಸ್ಥೆಯ ವಿದ್ಯಾವಂತ.

ಅಣ್ಣನ ನಾಲಗೆಯ ಮೇಲೆ ಸದಾ ಒಂದು ಮಾತು ಕುಣಿಯುತ್ತಿತ್ತು. ಬರುವ ವರ್ಷ ಈ ಹೊತ್ತಿಗೆ ನಾವು ಲಕ್ಷಾಧೀಶರು ಎಂಬುದೇ ಆ ಮಾತು. ಆದರೆ ಪ್ರತಿ ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ೧೯೮೨ರ ಒಂದು ಕಂತಿನಲ್ಲಿ ಶ್ರೀಮಂತರ ಬಂಗಲೆಯ ಗಾಜಿನ ತೂಗುದೀಪಗುಚ್ಛವನ್ನು ಶುಚಿಮಾಡಲು ಒಪ್ಪಿಕೊಳ್ಳುತ್ತಾರೆ. ಇಬ್ಬರೂ ಏಣಿಯೇರಿ ಒಂದು ದೀಪದ ಕೆಳಗೆ ಬಟ್ಟೆ ಹಿಡಿದು ಕಾದು ನಿಂತಿರುತ್ತಾರೆ. ಮೇಲಂತಸ್ತಿನಲ್ಲಿ ತಾತನು ತಿರುಪು ಬಿಚ್ಚಿದಾಗ ಕೆಳಗೆ ಬಿದ್ದು ನುಚ್ಚುನೂರಾಗುವುದು ಪಕ್ಕದ ದೀಪ. ಇದನ್ನು ನೆನೆದು ನಗದ ಆಂಗ್ಲರು ವಿರಳ.

ಈ ಕಥೆಯನ್ನು ಬರೆದ ಜಾನ್ ಸಲಿವನ್ ದಕ್ಷಿಣ ಲಂಡನ್ನಿನ ಕೊಳಾಯಿ ಕೆಲಸಗಾರನೊಬ್ಬನ ಮಗ. ಹದಿನೈದರ ವಯಸ್ಸಿಗೆ ಯಾವ ಪರೀಕ್ಷೆಯನ್ನೂ ಪಾಸು ಮಾಡದೆ ಶಾಲೆ ಬಿಟ್ಟವರು; ಬಿಬಿಸಿ ಸಂಸ್ಥೆಯನ್ನು ಹೊಕ್ಕದ್ದು ಲೇಖಕರಾಗಿ ಅಲ್ಲ, ರಂಗಸಜ್ಜಿಕೆಯನ್ನು ಹೊತ್ತು ಸಾಗಿಸುವ ಕೂಲಿಯಾಳಾಗಿ. ೧೯೮೧ರ ಸೆಪ್ಟೆಂಬರ ೮ರಂದು ಧಾರಾವಾಹಿ ಆರಂಭವಾದಾಗ ಹೇಳಿಕೊಳ್ಳುವಷ್ಟು ಪ್ರೇಕ್ಷಕರು ದೊರೆಯಲಿಲ್ಲ. ಮೆಲ್ಲಮೆಲ್ಲನೆ ಅದು ಮನೆಮಾತಾಯಿತು. ಅಣ್ಣನ ಪಾತ್ರದ ಡೇವಿಡ್ ಜೇಸನ್, ತಮ್ಮನ ಪಾತ್ರದ ನಿಕೊಲಸ್ ಲಿಂಡ್‌ಹರ್ಸ್ಟ್ ಇವರಿಬ್ಬರೂ ದೇಶಕ್ಕೆಲ್ಲ ನೆಂಟರಾದರು. ತಾತನ ಪಾತ್ರ ವಹಿಸಿದ್ದ ಲೆನಾರ್ಡ್ ಪಿಯರ್ಸ್ ೧೯೮೪ರ ದಶಂಬರದಲ್ಲಿ ತೀರಿಕೊಂಡಾಗ ಸಲಿವನ್ನರು ಬೇರೊಬ್ಬ ನಟನಿಗೆ ಅದೇ ವೇಷ ಹಾಕಿಸಲಿಲ್ಲ. ತಾತನ ಶವಸಂಸ್ಕಾರವನ್ನೇ ಒಂದು ಕಂತಾಗಿ ಬರೆದರು. ನಗಿಸುವ ಆಟದಲ್ಲಿ ಮನೆಯೊಂದರ ದುಃಖಕ್ಕೂ ಗೌರವದ ಜಾಗವಿದೆಯೆಂದು ಜನರು ಅಂದು ಕಂಡುಕೊಂಡರು.

ಆ ಕೊನೆಯ ರಾತ್ರಿ

೧೯೯೬ರ ಹಬ್ಬಕ್ಕೆ ಮೂರು ಕಂತುಗಳು ಬಂದವು. ಮೊದಲನೆಯದರಲ್ಲಿ ಬ್ಯಾಟ್‌ಮನ್ ಮತ್ತು ರಾಬಿನ್ ವೇಷ ತೊಟ್ಟ ಅಣ್ಣತಮ್ಮಂದಿರು ಮಬ್ಬಿನಲ್ಲಿ ಓಡಿದ ದೃಶ್ಯ ದೇಶವನ್ನೇ ನಗೆಯಲ್ಲಿ ಮುಳುಗಿಸಿತು. ಎರಡನೆಯದರ ಕೊನೆಗೆ ರಾಡ್ನಿಯ ಪತ್ನಿ ಕಸಾಂಡ್ರಳ ಗರ್ಭ ಇಳಿದುಹೋಯಿತು. ನಕ್ಕ ಜನರೇ ಕಣ್ಣೊರಸಿಕೊಂಡರು.

ಮೂರನೆಯದೇ ಅಂತಿಮ ಕಂತು. ಹೆಂಡತಿಯೊಡನೆಯೂ ಆ ನೋವನ್ನು ಹೇಳಿಕೊಳ್ಳಲಾರದೆ ರಾಡ್ನಿ ಒಳಗೊಳಗೇ ಕೊರಗುತ್ತಿರುತ್ತಾನೆ. ಆಗ ಅಣ್ಣನು ಅವನನ್ನು ಲಿಫ್ಟಿನಲ್ಲಿ ಹತ್ತಿಸಿಕೊಂಡು, ಅದು ನಡುವೆ ಕೆಟ್ಟು ನಿಂತಿತೆಂದು ನಟಿಸುತ್ತಾನೆ. ಓಡಿಹೋಗಲು ದಾರಿಯಿಲ್ಲದೆ ತಮ್ಮನು ಬಾಯಿ ಬಿಟ್ಟು ಅಳುತ್ತಾನೆ, ಮಾತಾಡುತ್ತಾನೆ. ಎಲ್ಲ ಹೇಳಿ ಮುಗಿದ ಮೇಲೆ ಅಣ್ಣನು ಗುಂಡಿಯನ್ನೊತ್ತುತ್ತಾನೆ. ಲಿಫ್ಟು ಸುಖವಾಗಿ ಚಲಿಸುತ್ತದೆ. ಧಾರಾವಾಹಿಯ ಅಭಿಮಾನಿಗಳನ್ನು ಇಂದಿಗೂ ಕೇಳಿ ನೋಡಿದರೆ, ಅಂತಿಮ ಕಂತಿನ ಹಣದ ಮಾತಿಗಿಂತ ಮೊದಲು ಈ ಲಿಫ್ಟಿನ ಮಾತನ್ನೇ ಎತ್ತುವವರು ಬಹಳ.

ಬಳಿಕ ಡೆಲ್ ಬಾಯಿಯ ಸಂಗಾತಿಯಾದ ರಕೆಲ್ಲಳ ತಂದೆತಾಯಿ ಊಟಕ್ಕೆ ಬರುತ್ತಾರೆ. ಮುದುಕ ಆಲ್ಬರ್ಟ್ ಚಿಕ್ಕಪ್ಪನು ಡಬ್ಬಿ ತಪ್ಪಿ ಮಾಂಸದ ಸಾರಿಗೆ ಕಾಫಿಯನ್ನೂ, ಕಾಫಿಗೆ ಸಾರಿನ ಪುಡಿಯನ್ನೂ ಹಾಕಿ ಎಲ್ಲರ ಮುಖ ಕೆಡಿಸುತ್ತಾನೆ. ಆದರೆ ಆ ಬೀಗರು ಹಳೆಯ ವಸ್ತುಗಳ ವ್ಯಾಪಾರಿ. ಅಣ್ಣತಮ್ಮಂದಿರ ಗ್ಯಾರೇಜಿನ ಹಾಳುಮೂಳಿನ ನಡುವೆ ವರ್ಷಗಟ್ಟಲೆ ಬಿದ್ದಿದ್ದ ಒಂದು ಗಡಿಯಾರದ ಮೇಲೆ ಅವರ ಕಣ್ಣು ಬೀಳುತ್ತದೆ. ಅದರ ಮೇಲಿದ್ದ ಹೆಸರು ಹ್ಯಾರಿಸನ್.

ಜಾನ್ ಹ್ಯಾರಿಸನ್ ಕಲ್ಪನೆಯ ವ್ಯಕ್ತಿಯಲ್ಲ. ೧೬೯೩ರಲ್ಲಿ ಯಾರ್ಕ್‌ಶೈರಿನಲ್ಲಿ ಹುಟ್ಟಿದ ಬಡಗಿಯ ಮಗ. ನಡುಗಡಲಿನಲ್ಲಿ ಹಡಗು ಯಾವ ರೇಖಾಂಶದಲ್ಲಿದೆಯೆಂದು ತಿಳಿಯುವ ಉಪಾಯ ಕಂಡುಹಿಡಿದವರಿಗೆ ೨೦,೦೦೦ ಪೌಂಡುಗಳವರೆಗೆ ಬಹುಮಾನವೆಂದು ಬ್ರಿಟಿಷ್ ಪಾರ್ಲಿಮೆಂಟು ೧೭೧೪ರಲ್ಲಿ ಶಾಸನ ಮಾಡಿತ್ತು. ಪಂಡಿತರು ಆಕಾಶ ನೋಡುತ್ತಿದ್ದಾಗ ಈ ಬಡಗಿಯು, ಹಡಗು ಎಷ್ಟು ಹೊಯ್ದಾಡಿದರೂ ವೇಳೆ ತಪ್ಪದ ಗಡಿಯಾರವನ್ನು ನಿರ್ಮಿಸಿ ಸಮಸ್ಯೆಯನ್ನು ಬಿಡಿಸಿದನು. ಕಳೆದುಹೋಗಿದ್ದ ಅವನ ಗಡಿಯಾರವೊಂದು ಪೆಕಮ್ಮಿನ ಗ್ಯಾರೇಜಿನಲ್ಲಿತ್ತೆಂಬುದಷ್ಟೇ ಸಲಿವನ್ನರ ಕಲ್ಪನೆ. ಶಾಲೆ ಬಿಟ್ಟ ಲೇಖಕ, ಬಡಗಿಯ ಕೈಗೆಲಸದಿಂದ ಬೀದಿ ವ್ಯಾಪಾರಿಯ ದೆಸೆ ತಿರುಗಿಸಿದ್ದು ಎಷ್ಟು ಒಪ್ಪುವ ಮಾತು!

ಸದಬೀಸ್ ಹರಾಜಿನಲ್ಲಿ ಕೂಗು ಏರುತ್ತ ಹೋದಂತೆ ಅಣ್ಣತಮ್ಮಂದಿರು ಮೂರ್ಛೆ ಹೋಗುತ್ತಾರೆ. ಕಡೆಯ ಕೂಗು ೬೨ ಲಕ್ಷ ಪೌಂಡು. ಅವರು ಗಂಭೀರವಾಗಿ ಹೊರಬಂದು, ತಮ್ಮ ಮೂರು ಗಾಲಿಯ ವ್ಯಾನಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡ ಮೇಲೆಯೇ ಚಿಕ್ಕ ಮಕ್ಕಳಂತೆ ಕುಣಿದಾಡುತ್ತಾರೆ. ಸಂಜೆ ಪೇಟೆಯ ಪಾನಗೃಹದ ಬಾಗಿಲಲ್ಲಿ ಕಾಲಿಟ್ಟಾಗ ಮೊದಲು ಮೌನ. ಮರುಕ್ಷಣ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಾರೆ. ಅದು ಪಾನಗೃಹದ ಚಪ್ಪಾಳೆಯಷ್ಟೇ ಆಗಿರಲಿಲ್ಲ. ಆ ರಾತ್ರಿ ಮನೆಗಳಲ್ಲಿ ಕುಳಿತಿದ್ದವರ ಚಪ್ಪಾಳೆಯೂ ಅದೇ. ಹದಿನೈದು ವರ್ಷ ಅವರ ಸೋಲನ್ನು ಕಂಡು ನಕ್ಕಿದ್ದ ಜನರು ಅವರ ಗೆಲುವನ್ನು ಕಂಡು ಅತ್ತರು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಬಂಗಲೆ ಕೊಂಡ ಡೆಲ್ ಬಾಯಿಗೆ ಮನಸ್ಸು ನಿಲ್ಲದು. ಬರಿದಾದ ಹಳೆಯ ಬಿಡಾರಕ್ಕೆ ಒಬ್ಬನೇ ಬಂದು ನಿಲ್ಲುತ್ತಾನೆ. ಗೋಡೆಗಳಿಂದ ಹಿಂದಿನ ದಿನಗಳ ದನಿಗಳು ಕೇಳಿಬರುತ್ತವೆ. ತಮ್ಮನೂ ಚಿಕ್ಕಪ್ಪನೂ ಅಲ್ಲಿಗೇ ಬಂದು ಸೇರುತ್ತಾರೆ. ಬರುವ ವರ್ಷ ಈ ಹೊತ್ತಿಗೆ ಕೋಟ್ಯಧೀಶರಾಗಬಹುದೆಂದು ಅಣ್ಣನು ಮತ್ತೆ ಅದೇ ರಾಗ ಎಳೆಯುತ್ತಿದ್ದಂತೆ, ಮೂವರೂ ಬಣ್ಣದ ಚಿತ್ರಗಳಾಗಿ ಮಾರ್ಪಟ್ಟು ಮುಳುಗುವ ಸೂರ್ಯನತ್ತ ನಡೆದುಹೋಗುತ್ತಾರೆ.

ಕೊಟ್ಟು ಕಸಿದುಕೊಂಡದ್ದು

ಇದೇ ಮುಕ್ತಾಯವೆಂದು ಜನರು ನಂಬಿದ್ದರು. ಆದರೆ ೨೦೦೧ರ ಕ್ರಿಸ್ಮಸ್ ದಿನ ಟ್ರಾಟರ್ ಕುಟುಂಬ ಮರಳಿ ಬಂತು. ಷೇರುಪೇಟೆಯಲ್ಲಿ ಹಣವೆಲ್ಲ ಮುಳುಗಿ, ದಿವಾಳಿಯೆದ್ದು, ಹಳೆಯ ಬಿಡಾರದ ಬಾಗಿಲು ತೆರೆದುಕೊಂಡಿತು. ಆಲ್ಬರ್ಟ್ ಪಾತ್ರಧಾರಿ ಬಸ್ಟರ್ ಮೆರಿಫೀಲ್ಡ್ ೧೯೯೯ರಲ್ಲೇ ಕಾಲವಾಗಿದ್ದರು. ಅಂದು ನೋಡಿದವರು ಸುಮಾರು ೨ ಕೋಟಿ ೧೩ ಲಕ್ಷ ಮಂದಿ. ೨೦೦೩ರ ಕ್ರಿಸ್ಮಸ್ಸಿನ ನಿಜವಾದ ಕೊನೆಯ ಕಂತಿಗೆ ಉಳಿದವರು ಸುಮಾರು ೧ ಕೋಟಿ ೬೩ ಲಕ್ಷ.

ಅಭಿಮಾನಿಗಳು ಇಬ್ಭಾಗವಾದರು. ವಿಮರ್ಶಕರೂ ಬಹುಮಂದಿ ಅಭಿಮಾನಿಗಳೂ ೧೯೯೬ರಲ್ಲೇ ತೆರೆ ಬೀಳಬೇಕಾಗಿತ್ತೆಂದರು. ನಮ್ಮೆದುರಿಗೇ ಎಲೆ ಹಾಕಿ ಬಡಿಸಿ, ತುತ್ತು ಎತ್ತುವಾಗ ಎಲೆ ಎಳೆದುಕೊಂಡಂತಾಯಿತೆಂಬುದು ಅವರ ದೂರಿನ ತಾತ್ಪರ್ಯ. ಸೂರ್ಯಾಸ್ತದತ್ತ ನಡೆದುಹೋದವರನ್ನು ಹಿಂದಕ್ಕೆ ಕರೆದರೆ ಆ ವಿದಾಯಕ್ಕೆ ಬೆಲೆಯೇನು? ಇನ್ನೊಂದು ಪಕ್ಷದವರು ಹಾಗಲ್ಲವೆಂದರು. ನೆಂಟರು ಬಡವರಾಗಿ ಬಂದರೆ ಬಾಗಿಲು ಹಾಕುವೆವೇ? ಮೇಲಾಗಿ ೨೦೦೩ರ ಕಂತಿನಲ್ಲಿ ರಾಡ್ನಿಗೆ ತನ್ನ ನಿಜವಾದ ತಂದೆ ಯಾರೆಂಬುದು ತಿಳಿಯುತ್ತದೆ. ಕಸಾಂಡ್ರಳಿಗೆ ಹೆಣ್ಣು ಮಗು ಹುಟ್ಟುತ್ತದೆ. ಮಗುವಿಗೆ ತೀರಿಹೋದ ತಾಯಿಯ ಹೆಸರಾದ ಜೋನ್ ಎಂಬುದನ್ನೇ ಇಡುತ್ತಾರೆ. ೧೯೯೬ರ ಲಿಫ್ಟಿನಲ್ಲಿ ಅತ್ತವನ ಅಳುವಿಗೆ ಉತ್ತರ ದೊರೆತದ್ದು ಹಣ ಹೋದ ಮೇಲೆಯೇ ಎಂಬುದು ಅವರ ವಾದ.

ಈ ಜಗಳದಿಂದ ಧಾರಾವಾಹಿಯ ಮೇಲಿನ ಪ್ರೀತಿಗೆ ಕುಂದು ಬಂದಂತಿಲ್ಲ. ಕೊನೆಯ ಕಂತಿನ ಮರುವರ್ಷವೇ, ೨೦೦೪ರಲ್ಲಿ, ಬಿಬಿಸಿ ನಡೆಸಿದ ಮತದಾನದಲ್ಲಿ ಜನರು ಬ್ರಿಟನ್ನಿನ ಅತ್ಯುತ್ತಮ ಹಾಸ್ಯ ಧಾರಾವಾಹಿಯೆಂದು ಇದನ್ನೇ ಆರಿಸಿದರು. ಸಲಿವನ್ನರು ೨೦೧೧ರ ಏಪ್ರಿಲಿನಲ್ಲಿ ತೀರಿಕೊಂಡರು; ಅವರ ಮಗನು ಸಹಲೇಖಕನಾಗಿ ರಚಿಸಿದ ಸಂಗೀತ ನಾಟಕವು ೨೦೧೯ರಿಂದ ೨೦೨೩ರವರೆಗೆ ಲಂಡನ್ನಿನ ರಂಗಮಂದಿರದಲ್ಲಿ ನಡೆಯಿತು.

ನಮಗೆ ತೋರುವುದು

ನಾವು ಈ ಲೇಖನಿ ಹಿಡಿಯುವುದಕ್ಕೆ ಮುಂಚೆ ಹೋಟೆಲಿನ ಗಲ್ಲೆಯ ಹಿಂದೆ ಕುಳಿತವರು. ಡೆಲ್ ಬಾಯಿಯ ಆ ಮಾತನ್ನು ನಾವು ಪೆಕಮ್ಮಿನ ಕಥೆಯಲ್ಲಿ ಮೊದಲು ಕೇಳಿದ್ದಲ್ಲ. ಮುಂಗಡ ಕೇಳಲು ಬಂದ ಮಾಣಿಯ ಬಾಯಲ್ಲಿ, ಮೋರಿಯ ಬಳಿ ಲೋಟ ತೊಳೆಯುವ ಹುಡುಗನ ಬಾಯಲ್ಲಿ ಕೇಳಿದ್ದೇವೆ. ಬರುವ ವರ್ಷ ಈ ಹೊತ್ತಿಗೆ ಊರಿನಲ್ಲಿ ಹೆಂಚಿನ ಮನೆ. ಬರುವ ವರ್ಷ ಈ ಹೊತ್ತಿಗೆ ತಂಗಿಯ ಮದುವೆ. ಬರುವ ವರ್ಷ ಈ ಹೊತ್ತಿಗೆ ಸ್ವಂತದ ಒಂದು ಪುಟ್ಟ ಹೋಟೆಲು. ಬಡವಾ, ನೀ ಮಡಗಿದ ಹಾಗಿರು ಎಂಬ ನಮ್ಮ ಹಳೆಯ ಗಾದೆಗೆ ಕಿವಿಗೊಟ್ಟಿದ್ದರೆ ಅವರಾರೂ ಘಟ್ಟದ ಬಸ್ಸು ಹತ್ತುತ್ತಿರಲಿಲ್ಲ.

ನಮ್ಮಲ್ಲಿ ಹನ್ನೆರಡು ವರ್ಷ ದೋಸೆ ಹುಯ್ದ ಒಬ್ಬರು ಕಡೆಗೂ ಸ್ವಂತ ಹೋಟೆಲು ತೆರೆದರು. ಚೆನ್ನಾಗಿಯೇ ನಡೆಯಿತು. ಆದರೂ ವಾರಕ್ಕೊಮ್ಮೆ ರಾತ್ರಿ ಬಂದು, ಒಳಗೆ ಹೋಗಿ, ಹಳೆಯ ಕಾವಲಿಯ ಪಕ್ಕದಲ್ಲಿ ಐದು ನಿಮಿಷ ನಿಂತು ಹೋಗುತ್ತಿದ್ದರು. ಅವರು ಏಕೆ ಬರುತ್ತಿದ್ದರೆಂದು ನಮಗೆ ಅಂದು ತಿಳಿಯಲಿಲ್ಲ. ಬರಿದಾದ ಬಿಡಾರದಲ್ಲಿ ಡೆಲ್ ಬಾಯ್ ನಿಂತದ್ದನ್ನು ನೋಡಿದ ದಿನ ತಿಳಿಯಿತು.

ಆದುದರಿಂದ ಅಭಿಮಾನಿಗಳ ಜಗಳದಲ್ಲಿ ನಾವು ಮೊದಲ ಪಕ್ಷಕ್ಕೆ ಸೇರಿದವರು. ಆದರೆ ಕಾರಣ ಬೇರೆ. ಹಣ ಹೋಯಿತೆಂದು ನಮಗೆ ವ್ಯಥೆಯಿಲ್ಲ. ಹಣ ಬಂದರೂ ಮನುಷ್ಯನಿಗೆ ಬೇಕಾದದ್ದು ಹಳೆಯ ಕೋಣೆ, ಜೊತೆಯವರು ಮತ್ತು ಬರುವ ವರ್ಷ ಎಂಬುದನ್ನು ೧೯೯೬ರ ಕೊನೆಯ ದೃಶ್ಯವೇ ಹೇಳಿ ಮುಗಿಸಿತ್ತು. ಅದನ್ನು ತಿಳಿಸಲು ಅವರನ್ನು ಎರಡನೆಯ ಸಲ ಬಡವರನ್ನಾಗಿ ಮಾಡಬೇಕಾಗಿರಲಿಲ್ಲ. ಒಬ್ಬ ಬಡವನಾದರೂ ಗೆದ್ದನಲ್ಲ ಎಂದು ನೆಮ್ಮದಿಯಿಂದ ದೀಪ ಆರಿಸಿ ಮಲಗಿದ ಜನರಿಗೆ ಆ ನೆಮ್ಮದಿ ಉಳಿಯಬೇಕಾಗಿತ್ತು.

ಹಳೆಯ ಕಂತುಗಳನ್ನು ಆಂಗ್ಲರು ಈಗಲೂ ಮತ್ತೆ ಮತ್ತೆ ನೋಡುತ್ತಾರೆ. ದೀಪಗುಚ್ಛ ಬಿದ್ದು ಒಡೆಯುತ್ತದೆ, ವ್ಯಾಪಾರ ಕೆಡುತ್ತದೆ, ತಮ್ಮನು ಗೊಣಗುತ್ತಾನೆ, ಅಣ್ಣನು ಬರುವ ವರ್ಷದ ಮಾತೆತ್ತುತ್ತಾನೆ. ಗ್ಯಾರೇಜಿನ ಕಸದಲ್ಲಿ ಆ ಗಡಿಯಾರ ಬಿದ್ದಿದೆಯೆಂಬುದು ನೋಡುವವರಿಗೆಲ್ಲ ಗೊತ್ತು. ಗೊತ್ತಿಲ್ಲದವರು ಅವರಿಬ್ಬರೇ.